ಮೂರನೆಯ ಗೀಟು

ನನಗೆ ಗಿರಾಕಿಗಳನ್ನು ಕಂಡರೆ ಅಷ್ಟಕ್ಕಷ್ಟೇ. ಬ್ಯಾಟರಾಯನಪುರದಲ್ಲಿ ವ್ಹೀಲ್ ಅಲೈನ್‌ಮೆಂಟ್, ಸಸ್ಪೆನ್ಷನ್ ಕೆಲಸದ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಇಷ್ಟು ವರ್ಷದಲ್ಲಿ "ತಪ್ಪು ನನ್ನದು ಕಣ್ರೀ" ಎಂದ ಒಬ್ಬ ಗಿರಾಕಿಯನ್ನೂ ನಾನು ಕಂಡಿರಲಿಲ್ಲ. ಕಾರು ಎಡಕ್ಕೆ ಎಳೆಯುತ್ತದೆ, ಕಾರು ಕುಣಿಯುತ್ತದೆ, ಕಾರು ಸದ್ದು ಮಾಡುತ್ತದೆ. ಎಪ್ಪತ್ತರ ಸ್ಪೀಡಿನಲ್ಲಿ ಗುಂಡಿಗೆ ಇಳಿಸಿದವರು ಯಾರು ಸ್ವಾಮಿ ಎಂದರೆ ಮುಖ ಊದಿಸಿಕೊಳ್ಳುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನಾದರೂ ಏನು ಸಾಚಾ? ನೆಲ ಡೊಂಕು ಅನ್ನುವವರಿಂದಲೇ ನನ್ನ ಮನೆ ನಡೆಯುವುದು. ಹಾಗಾಗಿ ಹೂಂಗುಟ್ಟುತ್ತೇನೆ, ಸಾಮಾನು ಹಾಕುತ್ತೇನೆ, ಬಿಲ್ ಕೊಡುತ್ತೇನೆ.

ಅಂಥ ನಾನು ಒಬ್ಬ ಗಿರಾಕಿಯ ಬಗ್ಗೆ ಬರೆಯಲು ಕೂತಿದ್ದೇನೆ ಅಂದರೆ ನನ್ನ ಹೆಂಡತಿಗೇ ನಂಬಿಕೆ ಬರುತ್ತಿಲ್ಲ.

ಅವರ ಹೆಸರು ಪ್ರತಿಭಾ. ಹುನಗುಂದದ ಕಡೆಯವರು. ಡಿಪ್ಲೊಮಾ ಮುಗಿಸಿ ಇಪ್ಪತ್ತಮೂರನೆಯ ವಯಸ್ಸಿಗೆ ಯಲಹಂಕಕ್ಕೆ ಬಂದು, ದೊಡ್ಡಬಳ್ಳಾಪುರ ರಸ್ತೆಯ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗ ಸೇರಿದರು. ಈಗ ಮೂವತ್ತೊಂಬತ್ತು. ತಾಯಿ ಕಾಶವ್ವ ಜೊತೆಗಿದ್ದಾರೆ. ಪ್ರತಿಭಾ ಅವರ ಕೆಲಸ ಏನೆಂದರೆ, ಲೇತ್ ಯಂತ್ರದಿಂದ ಇಳಿದು ಬಂದ ಉಕ್ಕಿನ ಸಾಮಾನನ್ನು ಮೈಕ್ರೋಮೀಟರಿನಲ್ಲಿ ಅಳೆದು ಸರಿ ಇದ್ದರೆ ಒಳಗೆ, ಕೂದಲೆಳೆಯಷ್ಟು ತಪ್ಪಿದ್ದರೂ ಹೊರಗೆ. ಕೆಲಸಗಾರರು ಹಿಂದಿನಿಂದ ಅವರನ್ನು "ರಿಜೆಕ್ಟ್ ಮೇಡಂ" ಅನ್ನುತ್ತಾರಂತೆ. ಅದನ್ನು ನನಗೆ ಹೇಳಿದ್ದೂ ಅವರೇ, ನಗುತ್ತಾ.

ಐದು ವರ್ಷದ ಕೆಳಗೆ ಒಂದು ಹಳೆಯ ಸಣ್ಣ ಕಾರು ಕೊಂಡರು. ಬೂದು ಬಣ್ಣ, ಬಾನೆಟ್ಟಿನ ಮೇಲೆ ಸೊಟ್ಟೆ. ಅದೇ ವರ್ಷ ಕಾರ್ಖಾನೆಯವರ ಒಂದು ಗುಂಪಿನ ಜೊತೆ ಹೊಸೂರಿನಾಚೆ ಇರುವ ಒಂದು ಸಣ್ಣ ರೇಸ್ ಟ್ರ್ಯಾಕ್ ನೋಡಲು ಹೋದರು. ಅಲ್ಲಿ ವರ್ಷಕ್ಕೆ ನಾಲ್ಕು ಸಲ ಒಂದು ಕ್ಲಬ್ಬಿನವರು ಟ್ರ್ಯಾಕನ್ನು ಬಾಡಿಗೆಗೆ ಹಿಡಿಯುತ್ತಾರೆ. ನಮ್ಮ ನಿಮ್ಮಂಥವರು ಸ್ವಂತ ಕಾರು ತಂದು, ಫೀಸು ಕಟ್ಟಿ, ಸರದಿಯ ಮೇಲೆ ಸುತ್ತು ಹೊಡೆಯಬಹುದು. ಪೈಪೋಟಿ ಇಲ್ಲ, ಬಹುಮಾನ ಇಲ್ಲ. ಪ್ರತಿಭಾ ಒಂದು ಸುತ್ತು ಹೋಗಿ ಬಂದವರು ಅಲ್ಲೇ ಮುಂದಿನ ಸಲದ ಫೀಸೂ ಕಟ್ಟಿದರಂತೆ. ಅವತ್ತಿನಿಂದ ಒಂದು ಟ್ರ್ಯಾಕ್ ದಿನವನ್ನೂ ಬಿಟ್ಟವರಲ್ಲ.

"ಏನು ಮೇಡಂ ಅಲ್ಲಿ ಅಂಥಾದ್ದು?" ಎಂದು ನಾನೊಮ್ಮೆ ಕೇಳಿದೆ.

"ಮುಂಜಾನಿಂದ ಸಂಜಿತನ ಬ್ಯಾರೆಯವ್ರು ಮಾಡಿದ್ದರಾಗ ತಪ್ಪು ಹುಡುಕೂದ ನನ್ನ ಬಾಳೇವು ಆಗೇತ್ರಿ," ಎಂದರು. "ಅಲ್ಲಿ ನಾ ಮಾಡ್ತೀನಿ. ವರ್ಷಕ್ಕ ನಾಕು ದಿನ. ಆ ನಾಕು ದಿನ ಇಲ್ಲಂದ್ರ ಉಳಿದಿದ್ದು ನಡಿಯಂಗಿಲ್ರಿ ನಂಗ."

ಈ ಮಾತು ಯಾಕೆ ಬಂತು ಅಂದರೆ, ಆ ನಾಲ್ಕು ದಿನಕ್ಕೇ ಕಂಟಕ ಬಂದಿತ್ತು. ಕ್ಲಬ್ಬಿನದೊಂದು ಕಟ್ಟುನಿಟ್ಟು: ಕಾರು ಗಿರ್ರನೆ ತಿರುಗಿ ನಿಂತರೆ, ಅಥವಾ ನಾಲ್ಕೂ ಚಕ್ರ ಟ್ರ್ಯಾಕ್ ಬಿಟ್ಟು ಹುಲ್ಲಿಗೆ ಇಳಿದರೆ, ಓಡಿಸಿದವರ ಹೆಸರಿನ ಮುಂದೆ ಒಂದು ಗೀಟು. ಒಂದೇ ವರ್ಷದಲ್ಲಿ ಮೂರು ಗೀಟು ಬಿದ್ದರೆ ಮುಂದಿನ ಹನ್ನೆರಡು ತಿಂಗಳು ಆ ಕಡೆ ತಲೆ ಹಾಕುವಂತಿಲ್ಲ. ಕಳೆದ ಫೆಬ್ರವರಿಯಲ್ಲಿ ಟ್ರ್ಯಾಕಿನ ಐದನೆಯ ತಿರುವಿನಲ್ಲಿ ಪ್ರತಿಭಾ ಅವರ ಕಾರು ತಿರುಗಿ ನಿಂತಿತು. ಏಪ್ರಿಲ್‌ನಲ್ಲಿ ಮತ್ತೆ ಅದೇ ತಿರುವು, ಅದೇ ಗತಿ. ಎರಡು ಗೀಟು.

ಕಾರನ್ನು ನನ್ನ ಅಂಗಡಿಗೆ ತಂದರು. ನಾನು ಜಾಕ್ ಕೊಟ್ಟು ಎತ್ತಿ ಕೆಳಗೆಲ್ಲಾ ನೋಡಿದೆ. ಕೆಟ್ಟಿದ್ದೇನೂ ಇರಲಿಲ್ಲ, ಆದರೆ ಎಲ್ಲಾ ಕಂಪನಿಯಿಂದ ಬಂದ ಮೆತ್ತನೆಯ ಸಾಮಾನು, ಮನೆಗೆ ತರಕಾರಿ ತರುವ ಕಾರಿಗೆ ಸಾಕಾಗುವಂಥದ್ದು.

"ಮೇಡಂ, ಈ ಸ್ಪ್ರಿಂಗು, ಈ ಶಾಕ್ ಅಬ್ಸಾರ್ಬರ್ ಇಟ್ಕೊಂಡು ಟ್ರ್ಯಾಕಿಗೆ ಹೋದ್ರೆ ಇನ್ನೇನಾಗುತ್ತೆ?" ಎಂದೆ. "ಕಾರು ಹಡಗಿನ ಥರ ವಾಲುತ್ತೆ, ಹಿಂಭಾಗ ಹಾರುತ್ತೆ. ಗಟ್ಟಿ ಸೆಟ್ ಒಂದು ಹಾಕ್ಸಿ. ಆಮೇಲೆ ನೋಡಿ, ರಸ್ತೆಗೆ ಅಂಟ್ಕೊಂಡಂಗೆ ಹೋಗುತ್ತೆ."

"ಅಥವಾ ನಾ ಹೊಡಿಯೂದ ತಪ್ಪಿರಬೌದಲ್ರಿ? ಕಲಿಸೋರ ಕಡೆ ಹೋಗಬೇಕೇನು?"

"ಅಯ್ಯೋ, ನಿಮಗೇನು ಮೇಡಂ ಕಲಿಸೋದು! ಐದು ವರ್ಷದಿಂದ ಓಡಿಸ್ತಿದೀರಿ."

ಹೊಗಳಿದರೆ ಗಿರಾಕಿ ಕರಗುತ್ತಾನೆ, ಇದು ಧಂದೆಯ ಗುಟ್ಟು. ಅವರ ಕೈಯಲ್ಲಿದ್ದ ದುಡ್ಡು ಸೆಟ್ ಇಲ್ಲವೇ ಪಾಠ, ಎರಡರಲ್ಲಿ ಒಂದಕ್ಕೆ ಸಾಲುವಷ್ಟು. ಅವರು ಯೋಚಿಸುತ್ತೇನೆ ಅಂದಿದ್ದನ್ನು ನಾನು ಆಗಲಿ ಅಂದಂತೆ ಕೇಳಿಸಿಕೊಂಡು, ಸೆಟ್‌ಗೆ ಆರ್ಡರನ್ನೂ ಕೊಟ್ಟುಬಿಟ್ಟೆ.

ಒಂದು ವಾರ ಬಿಟ್ಟು ಬಂದರು. ಕೈಯಲ್ಲಿ ಕಾರ್ಖಾನೆಯ ತಪಾಸಣೆಯ ಹಾಳೆ.

"ಗಿರಿ ಅವ್ರ, ನಮ್ಮಲ್ಲಿ ಒಂದು ಪದ್ಧತಿ ಐತ್ರಿ. ಅಳತಿ ತಪ್ಪು ಬರಾಕತ್ತಿದ್ರ, ಸಾಮಾನಿನ ತಪ್ಪೋ ಕೈದ ತಪ್ಪೋ ಅಂತ ಮೊದಲ ತಿಳೀಬೇಕು. ಅದ ಸಾಮಾನು ಮೂರು ಮಂದಿ ಕೈಯಾಗ ಕೊಟ್ಟು ಅಳಸ್ತೀವಿ. ಮೂವರಿಗೂ ತಪ್ಪು ಬಂದ್ರ ಸಾಮಾನು ರಿಜೆಕ್ಟ್. ಒಬ್ಬಾವಗ ಸರಿ ಬಂತಂದ್ರ ಉಳಿದವ್ರ ಕೈ ರಿಜೆಕ್ಟ್."

"ಅದಕ್ಕೆ?"

"ಜೂನ್‌ದಾಗ ಟ್ರ್ಯಾಕಿಗೆ ನೀವೂ ಬರ್ರಿ. ನನ್ನ ಕಾರು ನೀವು ಹೊಡೀರಿ. ಇನ್ನೊಬ್ರನ್ನ ನಾ ಹುಡುಕೀನಿ."

ಮೈ ಉರಿದುಹೋಯಿತು. ನನ್ನ ಮಾತನ್ನು ಪರೀಕ್ಷೆಗೆ ಇಡುತ್ತಾರಲ್ಲ ಈ ಯಮ್ಮ! ಆದರೆ ಒಳಗೊಳಗೇ ಖುಷಿಯೂ ಆಯಿತು. ಕಾರು ನನ್ನ ಕೈಯಲ್ಲೂ ತಿರುಗಿದರೆ ಸೆಟ್ ಮಾರಾಟವಾದಂತೆಯೇ. ಬರ್ತೀನಿ ಅಂದೆ.

ಅವರು ಹುಡುಕಿದ ಇನ್ನೊಬ್ಬರು ವಿದ್ಯಾರಣ್ಯಪುರದ ಮುನಿಆಂಜಿನಪ್ಪ. ಅರವತ್ತನಾಲ್ಕು ವರ್ಷ, ತಲೆಗೊಂದು ಹಳೇ ಟೋಪಿ. ಆ ಕಡೆಯೆಲ್ಲ ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ಅವರ ಮನೆಯವರು ರಾಗಿ, ದ್ರಾಕ್ಷಿ ಬೆಳೆಯುತ್ತಿದ್ದರು. ಇವರೊಬ್ಬರು ಮಾತ್ರ ಜೀಪು ಹತ್ತಿ ಮೋಟಾರು ರ‍್ಯಾಲಿಗೆ ಓಡುತ್ತಿದ್ದರು. ಈಗ ವಾರಕ್ಕೆ ಒಬ್ಬಿಬ್ಬರಿಗೆ ಟ್ರ್ಯಾಕಿನಲ್ಲಿ ಓಡಿಸುವುದನ್ನು ಹೇಳಿಕೊಡುತ್ತಾರೆ. ಕಲಿಯುವವರು ತಂದ ಫೀಸನ್ನು ಎಣಿಸದೆ ಜೇಬಿಗೆ ಹಾಕಿಕೊಳ್ಳುವ ಮನುಷ್ಯ.

ಜೂನ್ ಬಂತು. ಮೊದಲು ನಾನು ಹತ್ತಿದೆ. ಎರಡು ಸುತ್ತು ಮೆಲ್ಲಗೆ ಹೋಗಿ, ಮೂರನೆಯ ಸುತ್ತಿನಲ್ಲಿ ಜೋರಾಗಿ ಐದನೆಯ ತಿರುವಿಗೆ ಬಂದೆ. ಅದು ಬಲಕ್ಕೆ ತಿರುಗುವ ಉದ್ದನೆಯ ತಿರುವು, ಆಚೆ ಏನಿದೆ ಎಂದು ಅರ್ಧ ಬರುವ ತನಕ ಕಾಣುವುದಿಲ್ಲ. ಏನಾಯಿತೋ ಗೊತ್ತಾಗಲಿಲ್ಲ. ಹಿಂಭಾಗ ತೇಲಿತು, ಆಕಾಶ ತಿರುಗಿತು, ಬಂದ ದಾರಿಗೇ ಮುಖ ಮಾಡಿ ನಿಂತಿದ್ದೆ. ನನ್ನ ಹೆಸರಿಗೂ ಒಂದು ಗೀಟು. ಬೇಜಾರಾಗಲಿಲ್ಲ. ಹಲ್ಲು ಕಿರಿದುಕೊಂಡೇ ಇಳಿದು ಬಂದೆ.

"ನೋಡಿದ್ರಾ? ನಾನ್ ಹೇಳ್ಲಿಲ್ವಾ? ಕಾರಿಂದೇ ಪ್ರಾಬ್ಲಮ್!"

ಮುನಿಆಂಜಿನಪ್ಪ ಬಾಯಲ್ಲಿದ್ದ ಕಡ್ಲೆಕಾಯಿ ಮುಗಿಸಿ, ಹೆಲ್ಮೆಟ್ ಹಾಕಿಕೊಂಡು ಹತ್ತಿದರು. ಹತ್ತು ಸುತ್ತು. ಅದೇ ಕಾರು, ಅದೇ ಮೆತ್ತನೆಯ ಸ್ಪ್ರಿಂಗು, ನನಗಿಂತ ಜೋರು. ಐದನೆಯ ತಿರುವಿನಲ್ಲಿ ಕಾರು ವಾಲಿತು, ಟೈರು ಕಿರುಚಿತು, ಹೋಯಿತು. ಹತ್ತು ಸಲವೂ ಹೋಯಿತು. ಇನ್ನೊಬ್ಬರ ಎಲೆಯಲ್ಲಿ ನೊಣ ಹುಡುಕುವವನ ಎಲೆಯಲ್ಲಿ ಹೆಗ್ಗಣವೇ ಸತ್ತು ಬಿದ್ದಿತ್ತು.

ಆಮೇಲೆ ಅವರು ಪ್ರತಿಭಾ ಅವರ ಪಕ್ಕದ ಸೀಟಿನಲ್ಲಿ ಕೂತು, "ನಿದಾನಕ್ಕೆ ಓಗಮ್ಮ, ಬೀಳೋ ಅಂಗೆ ಓಗ್ಬ್ಯಾಡ" ಎಂದು ಎರಡು ಸುತ್ತು ಹಾಕಿಸಿದರು. ರಸ್ತೆ ನೋಡಲೇ ಇಲ್ಲವಂತೆ, ಬಗ್ಗಿ ಅವರ ಬಲಗಾಲನ್ನೇ ನೋಡುತ್ತಿದ್ದರಂತೆ. ಇಳಿದ ಮೇಲೆ ನನ್ನೆದುರೇ ಕೇಳಿದರು.

"ಆ ತಿರುವ್ನಾಗೆ ಆಕ್ಸಿಲೇಟ್ರಿಂದ ಕಾಲ್ ಎತ್ತಿದ್ಯಲ್ಲ, ಯಾಕಮ್ಮ?"

"ಎತ್ತಿದ್ನೇನ್ರಿ?" ಪ್ರತಿಭಾ ಅವರಿಗೆ ಗೊತ್ತೇ ಇರಲಿಲ್ಲ.

"ಎಲ್ಡು ಸಲಾನೂ ಎತ್ತಿದೆ. ಎದುರ್ಗೆ ಯಾರ್ ಬಂದ್ರು?"

"ಯಾರೂ ಬರಲಿಲ್ರಿ."

"ಮತ್ತೆ?"

ಅವರು ತಮ್ಮ ಬಲಗಾಲನ್ನು ನೋಡಿಕೊಂಡರು. "ಬರಬೌದು ಅಂತ್ರಿ."

ಮುನಿಆಂಜಿನಪ್ಪ ತೊಡೆ ತಟ್ಟಿಕೊಂಡು ನಕ್ಕರು. "ಓಡ್ಸೋದು ಎಲ್ ಕಲ್ತೆ?"

"ಯಲಹಂಕದಾಗ್ರಿ. ಹೆಬ್ಬಾಳದ ಸರ್ವಿಸ್ ರೋಡಿನಾಗ."

ಅಷ್ಟು ಸಾಕಾಗಿತ್ತು. ಹೆದ್ದಾರಿಯ ಪಕ್ಕದ ಆ ಸರ್ವಿಸ್ ರಸ್ತೆಯಲ್ಲಿ ಕಾರು ಕಲಿತವರ ಬಲಗಾಲಿಗೆ ಒಂದು ಬುದ್ಧಿ ಅಂಟಿರುತ್ತದೆ: ತಿರುವು ಬಂತೋ, ಆಚೆಯಿಂದ ರಾಂಗ್ ಸೈಡಿನಲ್ಲಿ ಒಬ್ಬ ಸ್ಕೂಟರಿನವನು ಬಂದೇ ಬರುತ್ತಾನೆ, ಕಾಲು ಎತ್ತು. ಊರಿನಲ್ಲಿ ಇದರಿಂದಲೇ ಜೀವ ಉಳಿಯುವುದು. ಟ್ರ್ಯಾಕಿನಲ್ಲಿ ಮಾತ್ರ, ಜೋರಾಗಿ ತಿರುಗುತ್ತಿರುವ ಕಾರಿನಲ್ಲಿ ತಟ್ಟನೆ ಕಾಲು ಎತ್ತಿದರೆ ಭಾರವೆಲ್ಲ ಮುಂದಕ್ಕೆ ಬಿದ್ದು ಹಿಂಭಾಗ ಹಗುರಾಗಿ ಹಾರಿಹೋಗುತ್ತದೆ. ನಾನೂ ಅದನ್ನೇ ಮಾಡಿದ್ದೆ. ನಾನೂ ಕಲಿತಿದ್ದು ಅದೇ ರಸ್ತೆಯಲ್ಲಿ ತಾನೇ?

ಪ್ರತಿಭಾ ತಪಾಸಣೆಯ ಹಾಳೆ ತೆಗೆದು ಅಲ್ಲೇ ಬಾನೆಟ್ಟಿನ ಮೇಲಿಟ್ಟು ಬರೆದರು. ಇಣುಕಿ ನೋಡಿದೆ. ಸಾಮಾನು: ಸರಿ. ಕೈ ಎಂದಿದ್ದ ಕಡೆ ಅದನ್ನು ಹೊಡೆದುಹಾಕಿ ಕಾಲು ಎಂದು ಬರೆದು, ಮುಂದೆ ತಮ್ಮ ಹೆಸರು ಹಾಕಿ, ರಿಜೆಕ್ಟ್.

ಹೀಗೆ ತನ್ನ ಹೆಸರಿನ ಮುಂದೆ ತಾನೇ ರಿಜೆಕ್ಟ್ ಬರೆದುಕೊಂಡವರನ್ನು ನೀವು ಕಂಡಿದ್ದರೆ ಹೇಳಿ. ನಾನಂತೂ ಕಂಡಿರಲಿಲ್ಲ.

"ಸೆಟ್ ಬ್ಯಾಡ್ರಿ ಗಿರಿ ಅವ್ರ," ಎಂದರು. "ಆ ರೊಕ್ಕ ಇವ್ರಿಗೆ ಕೊಡ್ತೀನಿ."

ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆರ್ಡರ್ ಮಾಡಿದ ಸಾಮಾನು ಬಂದು ಅಂಗಡಿಯಲ್ಲಿ ಕೂತಿತ್ತು. ಆದರೆ ನಮ್ಮೂರಲ್ಲಿ ಸಾಮಾನಿಗೆ ಗಿರಾಕಿ ಇಲ್ಲದೆ ಹೋಗುತ್ತದೆಯೇ? ನಮ್ಮ ಬೀದಿಯ ಬಿಲ್ಡರ್ ಒಬ್ಬರ ಮಗ ಅಶ್ವತ್ಥ್, ಅದೇ ಮಾಡಲ್ಲಿನ ಕಾರು, ಅವನೂ ಅದೇ ಟ್ರ್ಯಾಕಿಗೆ ಬರುವವನು. "ಹಾಕು ಗುರು, ಏನಿದೆಯೋ ಎಲ್ಲಾ ಹಾಕು" ಅಂದ. ಒಂದೇ ದಿನದಲ್ಲಿ ಹಾಕಿ ಕಳಿಸಿದೆ.

ಇತ್ತ ಪ್ರತಿಭಾ ಅವರ ಪಾಠ ಶುರುವಾಯಿತು. ರಾಜಾನುಕುಂಟೆಯ ಆಚೆ ಮುನಿಆಂಜಿನಪ್ಪನವರ ಅಣ್ಣನ ಮಕ್ಕಳು ಒಂದು ಲೇಔಟ್ ಮಾಡಿ ಬಿಟ್ಟಿದ್ದಾರೆ. ಡಾಂಬರು ರಸ್ತೆ ಇದೆ, ಸೈಟು ನಂಬರಿನ ಕಲ್ಲುಗಳಿವೆ, ಮನೆ ಒಂದೂ ಇಲ್ಲ, ಗೇಟಿಗೆ ಬೀಗ. ಭಾನುವಾರ ಬೆಳಿಗ್ಗೆ ಆರಕ್ಕೆ ಬೀಗ ತೆಗೆಯುವುದು, ಒಂದೇ ತಿರುವನ್ನು ನಲವತ್ತು ಸಲ ತಿರುಗುವುದು. ಸ್ಪೀಡು ಎಷ್ಟು ಅಂತೀರಿ? ಮೂವತ್ತು! ಎತ್ತಿನ ಗಾಡಿಯ ಪಾಠ. ಕಾಲು ಎತ್ತಿದಾಗಲೆಲ್ಲ ಪಕ್ಕದಿಂದ ಮುನಿಆಂಜಿನಪ್ಪ "ಕಾಲು!" ಎಂದು ಕೂಗುವರು.

ಒಂದು ಭಾನುವಾರ ನಾನೂ ನೋಡಲು ಹೋದೆ. ಕಾಶವ್ವ ಒಂದು ಸೈಟು ಕಲ್ಲಿನ ಮೇಲೆ ಕೂತು ರೊಟ್ಟಿಯ ಗಂಟು ಬಿಚ್ಚುತ್ತಿದ್ದರು.

"ನೋಡೋ ತಮ್ಮಾ, ಈಕಿ ಸಣ್ಣಾಕಿದ್ದಾಗ ಕಾಲು ತಡಿ ಕಾಲು ತಡಿ ಅಂತ ನಾ ಒದರಿ ಒದರಿ ಸತ್ತೆ. ಓಡೂದು ಬಿಡಲಿಲ್ಲ. ಈಗ ಈ ಮುದುಕಗ ರೊಕ್ಕ ಕೊಟ್ಟು ಒದರಿಸಿಕೊಳ್ಳಾಕತ್ಯಾಳ," ಎಂದರು.

ಮೊದಲ ಭಾನುವಾರ ನಲವತ್ತಕ್ಕೆ ಮೂವತ್ತೊಂದು ಸಲ ಕಾಲು ಎತ್ತಿದ್ದರು. ಆರನೆಯ ಭಾನುವಾರಕ್ಕೆ ಎರಡಕ್ಕೆ ಇಳಿಯಿತು. ಅಚ್ಚರಿಯೆಂದರೆ ಪಾಠ ಮುಗಿಸಿ ಯಲಹಂಕದ ಕಡೆಗೆ ವಾಪಸು ಬರುವಾಗ ಅದೇ ಕಾಲು ಪ್ರತಿ ತಿರುವಿನಲ್ಲೂ ಮರ್ಯಾದೆಯಾಗಿ ಮೇಲೇಳುತ್ತಿತ್ತು. ಊರಿಗೊಂದು ಕಾಲು, ಟ್ರ್ಯಾಕಿಗೊಂದು ಕಾಲು. ಎರಡನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುವುದನ್ನು ಅವರು ಕಲಿತುಬಿಟ್ಟಿದ್ದರು. ನನ್ನ ಸಿಟ್ಟು ಅಷ್ಟರಲ್ಲಿ ಎಲ್ಲಿ ಹೋಯಿತೋ ಗೊತ್ತಿಲ್ಲ.

ಸೆಪ್ಟೆಂಬರಿನ ಟ್ರ್ಯಾಕ್ ದಿನ ಬಂತು. ಇಪ್ಪತ್ತಾರು ಕಾರು. ಬೆಳಗಿನ ಸರದಿಯಲ್ಲಿ ನಾನೂ ನನ್ನ ಕಾರು ಓಡಿಸಿದೆ. ಮಧ್ಯಾಹ್ನ ಪ್ರತಿಭಾ ಅವರ ಸರದಿ. ಅದೇ ಸರದಿಯಲ್ಲಿ ಅಶ್ವತ್ಥನೂ ಇದ್ದ. ಐದನೆಯ ತಿರುವಿನ ತಂತಿಬೇಲಿಯ ಹತ್ತಿರ ನಾನು, ಮುನಿಆಂಜಿನಪ್ಪ ನಿಂತಿದ್ದೆವು.

ಮೊದಲ ಸುತ್ತು ಪ್ರತಿಭಾ ಬಂದರು, ಕಾರು ವಾಲಿತು, ಹೋಯಿತು. ಎರಡನೆಯದು, ಮೂರನೆಯದು, ಅಹಾ! ದಾರ ಹಿಡಿದು ಗೆರೆ ಎಳೆದಂತೆ. ಮುನಿಆಂಜಿನಪ್ಪ ಕಡ್ಲೆಕಾಯಿ ತಿನ್ನುವುದನ್ನೇ ಮರೆತಿದ್ದರು.

ಆರನೆಯ ಸುತ್ತು. ಮುಂದೆ ಅಶ್ವತ್ಥ, ಹಿಂದೆ ಇನ್ನೂರು ಅಡಿ ದೂರದಲ್ಲಿ ಪ್ರತಿಭಾ. ನಾನು ಹಾಕಿದ ಆ ಗಟ್ಟಿ ಸೆಟ್ ಮೇಲೆ ಅಶ್ವತ್ಥ ಹುಚ್ಚು ಸ್ಪೀಡಿನಲ್ಲಿ ತಿರುವಿಗೆ ನುಗ್ಗಿದ, ಅರ್ಧಕ್ಕೆ ಹೆದರಿದ, ಕಾಲು ಎತ್ತಿದ. ಸಾಮಾನು ಪಾಪ ಏನು ಮಾಡೀತು? ಗಿರ್ರನೆ ಎರಡು ಸುತ್ತು ತಿರುಗಿ ಟ್ರ್ಯಾಕಿಗೆ ಅಡ್ಡಲಾಗಿ ನಿಂತ.

ಈಗ ನಿಜವಾಗಿಯೂ ಎದುರಿಗೆ ಒಬ್ಬ ಬಂದಿದ್ದ. ಕಾಲು ಎತ್ತಿದರೆ ಕಾರು ತಿರುಗಿ ಅಡ್ಡಕ್ಕೇ ಹೋಗಿ ಅವನ ಬಾಗಿಲಿಗೆ ಬಡಿಯುತ್ತದೆ. ಪ್ರತಿಭಾ ಎತ್ತಲಿಲ್ಲ. ಸ್ಟಿಯರಿಂಗ್ ನೇರ ಮಾಡಿದರು, ಕಾರು ತಿರುವನ್ನು ಬಿಟ್ಟು ನೆಟ್ಟಗೆ ಹುಲ್ಲಿಗೆ ಇಳಿಯಿತು, ನೇರವಾದ ಮೇಲೆ ಬ್ರೇಕು, ಧೂಳು, ಅಶ್ವತ್ಥನ ಹಿಂಬದಿಯಿಂದ ಸುತ್ತಿ ಮತ್ತೆ ಮೆಲ್ಲಗೆ ಟ್ರ್ಯಾಕ್ ಮೇಲೆ. ಒಂದು ಗೀರೂ ಇಲ್ಲ.

"ಭಲೇ ನನ್ ತಾಯಿ!" ಎಂದು ಮುನಿಆಂಜಿನಪ್ಪ ಟೋಪಿ ತೆಗೆದು ಎಸೆದರು. ನಾನು ಬೇಲಿ ಹಿಡಿದು ಕುಣಿದೆ. ಟ್ರ್ಯಾಕಿನ ಪಕ್ಕ ಬಾವುಟ ಹಿಡಿದು ಕಾಯುವ ಕ್ಲಬ್ಬಿನವರೆಲ್ಲ ಅಶ್ವತ್ಥನ ಕಡೆ ಓಡುತ್ತಿದ್ದರು. ಹುಲ್ಲಿನಲ್ಲಿ ಹೋದ ಬೂದು ಕಾರನ್ನು ನಮ್ಮಿಬ್ಬರ ಹೊರತು ಯಾರೂ ನೋಡಿರಲಿಲ್ಲ.

ಇಳಿದು ಬಂದಾಗ ಪ್ರತಿಭಾ ಅವರ ಮುಖದಲ್ಲಿದ್ದ ಬೆಳಕನ್ನು ನಾನು ಹೇಗೆ ಹೇಳಲಿ? "ಎತ್ತಲಿಲ್ರಿ! ನಾ ಎತ್ತಲಿಲ್ರಿ!" ಎಂದು ಮುನಿಆಂಜಿನಪ್ಪನವರ ಎರಡೂ ಕೈ ಹಿಡಿದು ಅಲ್ಲಾಡಿಸಿದರು. ಒಂದು ಬಾಟಲಿ ನೀರು ಗಟಗಟ ಕುಡಿದರು. ಆಮೇಲೆ ಹೆಲ್ಮೆಟನ್ನು ನನ್ನ ಕೈಗೆ ಕೊಟ್ಟು ಕ್ಲಬ್ಬಿನ ಮೇಜಿನ ಕಡೆ ಹೊರಟರು.

ನನಗೆ ತಟ್ಟನೆ ಹೊಳೆಯಿತು. ಓಡಿ ಹೋಗಿ ಅಡ್ಡ ನಿಂತೆ. "ಎಲ್ಲಿಗ್ರೀ? ಯಾರೂ ನೋಡಿಲ್ಲ, ಸುಮ್ನಿರಿ! ಕೈ ಮುಗೀತೀನಿ."

"ಬಾಜೂಕ ಸರೀರಿ ಗಿರಿ ಅವ್ರ."

ಮೇಜಿನ ಹಿಂದೆ ಪಟ್ಟಿ ಹಿಡಿದು ಕೂತಿದ್ದವಳು ಸುಮಾ, ಕ್ಲಬ್ಬಿನ ಕಾರ್ಯದರ್ಶಿ.

"ಐದನೇ ತಿರುವಿನಾಗ ನಾಕೂ ಗಾಲಿ ಹುಲ್ಲಿಗೆ ಇಳದಾವ್ರಿ. ಬರಕೊಳ್ರಿ."

ಸುಮಾ ಪಟ್ಟಿ ನೋಡಿ ಗಾಬರಿಯಾದಳು. "ಮೇಡಂ, ನಿಮಗೆ ಆಗ್ಲೇ ಎರಡಿದೆ. ಇದು ಬರೆದ್ರೆ ಒಂದು ವರ್ಷ ಬರೋ ಹಾಗಿಲ್ಲ. ನಮ್ಮ ಕಡೆಯವರು ಯಾರೂ ನೋಡಿಲ್ಲ, ಬಿಡಿ."

"ನಾ ನೋಡೀನಲ್ರಿ."

ನಾನು ಮಧ್ಯೆ ಬಾಯಿ ಹಾಕಿದೆ. "ಏನ್ರೀ ಇದು ಅನ್ಯಾಯ! ಎದುರಿಗೆ ಕಾರು ಅಡ್ಡ ನಿಂತಿತ್ತು. ಗುದ್ದಬೇಕಿತ್ತಾ ಇವರು?" ಸುಮಾ ಪೆನ್ನು ಕೆಳಗಿಟ್ಟು ಪ್ರತಿಭಾ ಅವರ ಮುಖ ನೋಡಿದಳು. ಅವರು ಒಂದು ಮಾತು, ಅದೇ ಕಾರಣ ಹೇಳಿದ್ದರೆ ಬಿಟ್ಟುಬಿಡುತ್ತಿದ್ದಳು, ನನಗೆ ಖಾತ್ರಿ.

"ಅಳತಿ ತಪ್ಪಿದ ಸಾಮಾನಿಗೆ ನಾವು ಕಾರಣ ಕೇಳೂದಿಲ್ರಿ," ಎಂದರು ಪ್ರತಿಭಾ. "ಹದಿನಾರು ವರ್ಷ ಬ್ಯಾರೆಯವ್ರ ಸಾಮಾನು ತಿರುಗಿ ಕಳಿಸೀನಿ. ಅವ್ರ ಮಾರಿ ಹೆಂಗ ನೋಡ್ಲಿ ನಾ?"

ಸುಮಾ ಗೀಟು ಎಳೆದಳು. ಪ್ರತಿಭಾ ಪೆನ್ನು ಈಸಿಕೊಂಡು ಪಕ್ಕದಲ್ಲಿ ಸಹಿ ಹಾಕಿದರು.

ವಾಪಸು ಬರುವಾಗ ಕಾರು ನನ್ನ ಕೈಗೆ ಕೊಟ್ಟರು. ನನ್ನ ಕಾರನ್ನು ಮುನಿಆಂಜಿನಪ್ಪ ಹಿಂದೆ ತರುತ್ತಿದ್ದರು. ಹೊಸೂರು ಬರುವ ತನಕ ಪ್ರತಿಭಾ ಅತ್ತರು. ಮುಚ್ಚಿಟ್ಟುಕೊಳ್ಳಲಿಲ್ಲ, ಕಿಟಕಿ ಕಡೆ ತಿರುಗಲೂ ಇಲ್ಲ. "ಹನ್ನೆರಡು ತಿಂಗಳ್ರಿ," ಎನ್ನುವುದು, ಕಣ್ಣೊರೆಸಿಕೊಳ್ಳುವುದು. "ಎಷ್ಟ ಚಂದ ಹೊಂಟಿತ್ರಿ ಇವತ್ತ," ಎನ್ನುವುದು, ಮತ್ತೆ ಅಳುವುದು. ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಆದರೆ ಇಂಥವರ ಕಾರಿಗೆ ಕೈ ಹಾಕಿದ್ದೇನಲ್ಲಾ ಎಂದು ಹೆಮ್ಮೆಯೂ ಆಗುತ್ತಿತ್ತು.

ಅವರನ್ನು ಯಲಹಂಕದಲ್ಲಿ ಇಳಿಸಿ ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ. ಆ ದಿನ ನನ್ನ ಕಣ್ಣಿಗೆ ಬಿದ್ದ ಹಾಗೆ ಏಳು ಜನ ತಿರುಗಿ ನಿಂತಿದ್ದರು, ಇಲ್ಲವೇ ನಾಲ್ಕೂ ಚಕ್ರ ಹುಲ್ಲಿಗೆ ಇಳಿಸಿದ್ದರು. ಪಟ್ಟಿಯಲ್ಲಿ ಗೀಟು ಬಿದ್ದಿದ್ದು ಇಬ್ಬರಿಗೆ. ಎಲ್ಲರೂ ನೋಡಿದ್ದರಿಂದ ಅಶ್ವತ್ಥನಿಗೆ, ತಾನೇ ಹೋಗಿ ಹೇಳಿದ್ದರಿಂದ ಪ್ರತಿಭಾ ಅವರಿಗೆ. ಮಿಕ್ಕ ಐವರಲ್ಲಿ ಒಬ್ಬ ನಾನು. ಬೆಳಗಿನ ಸರದಿಯಲ್ಲಿ, ಎರಡನೆಯ ತಿರುವಿನಲ್ಲಿ, ಯಾರೂ ಇಲ್ಲದ ಕಡೆ ಹುಲ್ಲಿಗೆ ಇಳಿದಿದ್ದೆ.

ಸೋಮವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲು ಸುಮಾಗೆ ಫೋನ್ ಮಾಡಿ, "ತಪ್ಪು ನಂದು ಕಣಮ್ಮ, ಬರ್ಕೋ" ಎಂದು ನನ್ನ ಎರಡನೆಯ ಗೀಟು ಬರೆಸಿದೆ.